ಅವರಿಗೆ ಕೋಳಿ, ನಮಗೆ ಸೊಪ್ಪು

ಅವ್ವನನ್ನು ಕರೆದುಕೊಂಡು ಬಾಲಿಗೆ ಹೋಗಿಬಂದೆ ಅಂದರೆ ಎಲ್ಲರೂ ಸಮುದ್ರ ಹೇಗಿತ್ತು ಎಂದು ಕೇಳುತ್ತಾರೆ. ಸಮುದ್ರ ಚೆನ್ನಾಗಿಯೇ ಇತ್ತು. ಆದರೆ ನಾನು ಸಮುದ್ರಕ್ಕಾಗಿ ಹೋಗಿರಲಿಲ್ಲ. ನಮ್ಮ ಗುರುತು ಪರಿಚಯ ಒಂದೂ ಇಲ್ಲದ ಊರಿನಲ್ಲಿ, ಯಾರೋ ಒಬ್ಬರ ಮನೆಯಲ್ಲಿ, ಅವ್ವ ಅತಿಥಿಯಾಗಿ ಕೂತು ಉಣ್ಣುವುದನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಅಲ್ಲಿ 'ನೀವು ಯಾರ ಪೈಕಿ' ಎಂದು ಅವಳನ್ನು ಯಾರೂ ಕೇಳಬಾರದು. ಅದಕ್ಕಾಗಿ ಅಷ್ಟು ದೂರ ಹೋಗಬೇಕಿತ್ತಾ ಎಂದರೆ, ಹೌದು, ಹತ್ತಿರದಲ್ಲಿ ಅಂಥ ಊರು ನನಗೆ ಸಿಕ್ಕಿರಲಿಲ್ಲ.

ನಾನು ರಾಯಚೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಹುಟ್ಟಿದ್ದು ದೇವದುರ್ಗ ತಾಲೂಕಿನ ಮಸರಕಲ್‌ನಲ್ಲಿ. ಅಪ್ಪ ಬೇಗ ಹೋದ. ಅವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ಹಂಗಾಮಿನಲ್ಲಿ ಮಾನ್ವಿ ಕಡೆಯ ಮಲ್ಲಟಕ್ಕೆ ಟ್ರ್ಯಾಕ್ಟರಿನಲ್ಲಿ ನಿಂತುಕೊಂಡೇ ಹೋಗಿ ಭತ್ತದ ನಾಟಿ ಮಾಡಿ ನನ್ನನ್ನು ಓದಿಸಿದಳು. ಹೊಲದವರ ಮನೆಯಲ್ಲಿ ಅವಳಿಗೆ ಚಹಾ ಕೊಡುತ್ತಿದ್ದರು, ಕೊಡಲಿಲ್ಲ ಅನ್ನಬಾರದು. ಕಟ್ಟೆಯ ಮೇಲೆ ಹತ್ತದೆ ಕೆಳಗಿನ ಮೆಟ್ಟಿಲ ಮೇಲೆ ಕೂತು ಕುಡಿಯಬೇಕು. ಕುಡಿದ ಲೋಟ ತಾನೇ ತೊಳೆದು ಸೂರಿನ ಕೆಳಗೆ ಬೋರಲು ಹಾಕಿ ಬರಬೇಕು. ಹಾಗೆ ಮಾಡು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಓಣಿಯವರೆಲ್ಲ ಬೌದ್ಧರಾದೆವು. ಅವ್ವ ಗೋಡೆಯ ಮಾಡದಲ್ಲಿದ್ದ ಹಳೆಯ ದೇವರುಗಳನ್ನು ಇಳಿಸಿ ಬುದ್ಧನ ಪಟ ಏರಿಸಿದಳು. ದೇವರನ್ನು ಬಿಟ್ಟಳೇ ಹೊರತು ಲೋಟ ತೊಳೆಯುವುದನ್ನು ಬಿಡಲಿಲ್ಲ. ಇವತ್ತಿಗೂ ರಾಯಚೂರಿನ ನನ್ನ ಮನೆಯಲ್ಲಿ, ಸಿಂಕಿನಲ್ಲಿ ರಾಶಿ ಪಾತ್ರೆ ಬಿದ್ದಿದ್ದರೂ, ತನ್ನ ಲೋಟ ಒಂದನ್ನು ಮಾತ್ರ ತೊಳೆದು ಬಾಗಿಲ ಪಕ್ಕ ಬೋರಲು ಹಾಕುತ್ತಾಳೆ. "ಇದು ನಿನ್ನ ಮಗಳ ಮನಿ ಯವ್ವಾ" ಎಂದು ನಾನು ರೇಗಿದರೆ, "ಕೈಗೆ ರೂಢಿ ಬಿದ್ದದ, ಬಿಡಬೇ" ಅನ್ನುತ್ತಾಳೆ.

ನನಗೆ ಬಿದ್ದ ರೂಢಿ ಬೇರೆ. ಮೊದಲ ನೌಕರಿ ಮಾನ್ವಿಯಲ್ಲಿ ಸಿಕ್ಕಾಗ ಬಾಡಿಗೆ ಮನೆ ಹುಡುಕುತ್ತಾ ತಿರುಗಿದೆ, ಆಮೇಲೆ ರಾಯಚೂರಿಗೆ ವರ್ಗವಾದಾಗ ಇನ್ನೊಮ್ಮೆ ತಿರುಗಿದೆ. "ಬರ್ರಿ ಮೇಡಂ, ಕುಂದ್ರಿ, ಯಾವೂರ್ರಿ ನಿಮ್ಮದು?" ಎಂದು ಶುರುವಾಗುತ್ತದೆ. ಊರು ಹೇಳಿದರೆ, ಆ ಊರಿನಲ್ಲಿ ಯಾವ ಓಣಿ? ಓಣಿ ಹೇಳದಿದ್ದರೆ ಅಡ್ಡಹೆಸರು. ಅದನ್ನೂ ನುಂಗಿಕೊಂಡರೆ, "ನೀವು ವೆಜ್ಜಾ, ನಾನ್‌ವೆಜ್ಜಾ?" ಬೌದ್ಧರು ಎಂದರಂತೂ ಮುಗಿಯಿತು, ನಮ್ಮ ಕಡೆ ಆ ಒಂದು ಮಾತಿನಲ್ಲೇ ಕೇಳಿದವರಿಗೆ ಉಳಿದದ್ದೆಲ್ಲ ತಿಳಿದುಬಿಡುತ್ತದೆ. ನೀರು ಕುಡಿದು ಮುಗಿಸುವಷ್ಟರಲ್ಲಿ ಮನೆ ಮಾಲಕರ ತಮ್ಮನ ಮಗನಿಗೆ ಹೈದರಾಬಾದಿನಿಂದ ವರ್ಗವಾಗಿ ಆ ಮನೆ ಅವನಿಗೇ ಬೇಕಾಗಿರುತ್ತದೆ. ಎಷ್ಟು ಜನರ ತಮ್ಮಂದಿರ ಮಕ್ಕಳು ಹೀಗೆ ನನ್ನಿಂದಾಗಿ ರಾಯಚೂರಿಗೆ ವರ್ಗವಾದರೋ ನನಗೇ ಲೆಕ್ಕವಿಲ್ಲ. ಹಾಗಾಗಿ ಅನುಮಾನ ನನಗೆ ರೋಗವಲ್ಲ, ಕಷ್ಟಪಟ್ಟು ಕಲಿತ ವಿದ್ಯೆ.

ಬಾಲಿಯನ್ನು ಆರಿಸಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ದ್ವೀಪ, ದೂರ ಇದೆ, ವೀಸಾ ಅಲ್ಲಿಗೆ ಹೋಗಿ ಇಳಿದ ಮೇಲೆ ಕೊಡುತ್ತಾರೆ. ಟಿಕೆಟ್ ಆದ ಮೇಲೆ ಸ್ಟಾಫ್ ರೂಮಿನಲ್ಲಿ ಹೇಳಿದೆ. ಅಲ್ಲಿಗೆ ಹೋಗಿಬಂದಿದ್ದ ಸಹೋದ್ಯೋಗಿಯೊಬ್ಬರು ಖುಷಿಯಿಂದ, "ಚಲೋ ಜಾಗ ಆರಿಸೀರಿ ಮೇಡಂ, ಅಲ್ಲೆಲ್ಲಾ ನಮ್ಮವರೇ ಇದ್ದಾರ" ಅಂದರು. ನಮ್ಮವರು ಅಂದರೆ ಯಾರವರು ಎಂದು ಕೇಳುವ ಆಸೆಯಾಯಿತು, ಕೇಳಲಿಲ್ಲ.

ಉತ್ತರ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿತು. ಹೊತ್ತು ಹೋಗದೆ ಫೋನಿನಲ್ಲಿ ಬಾಲಿಯ ಬಗ್ಗೆ ಓದುತ್ತಿದ್ದೆ. ಅಲ್ಲಿಯ ಹಿಂದೂಗಳಲ್ಲೂ ನಾಲ್ಕು ವರ್ಣಗಳಿವೆ, ಅಲ್ಲಿಯ ಜನ ಹಿಂದಿನಿಂದಲೂ ಎದುರಿಗಿರುವವರ ಅಂತಸ್ತು ನೋಡಿ ಕೂರುವ ಜಾಗ ಎತ್ತರವೋ ತಗ್ಗೋ ಎಂದು ನಿರ್ಧರಿಸುತ್ತಾರೆ ಎಂದು ಬರೆದಿತ್ತು. ಬೋರ್ಡಿಂಗ್ ಪಾಸು ಕೈಯಲ್ಲಿತ್ತು. ಇಡೀ ಭೂಗೋಳ ಪಾಠ ಮಾಡುವವಳು ನಾನು, ಪ್ರಪಂಚದ ಅಷ್ಟೊಂದು ದ್ವೀಪಗಳಲ್ಲಿ ಹೋಗಿ ಹೋಗಿ ಇದರ ಮೇಲೇ ಬೆರಳಿಟ್ಟಿದ್ದೆ.

"ಯಾಕಬೇ, ಮುಖ ಸಣ್ಣಗ ಮಾಡೀದಿ?" ಅವ್ವ ಕೇಳಿದಳು.

"ಏನಿಲ್ಲ. ಫೋನಿನ ಚಾರ್ಜ್ ಕಡಿಮಿ ಅದ."

ಅವ್ವನ ಮಡಿಲಲ್ಲಿ ಒಂದು ಬಟ್ಟೆಯ ಚೀಲವಿತ್ತು. ಅದರಲ್ಲಿ ಕಡಕ್ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ನಮ್ಮ ಕಡೆಯವರು ಪಕ್ಕದ ಚಂದ್ರಬಂಡದಿಂದ ರಾಯಚೂರಿಗೆ ಆಸ್ಪತ್ರೆಗೆ ಹೊರಟರೂ ರೊಟ್ಟಿ ಕಟ್ಟಿಕೊಂಡೇ ಹೊರಡುತ್ತಾರೆ. ಸಮುದ್ರ ದಾಟುವಾಗ ಬಿಡುತ್ತಾಳೆಯೇ?

ನಾವು ಉಳಿದುಕೊಂಡದ್ದು ಉಬುದ್ ಪಟ್ಟಣದ ಹತ್ತಿರದ ಒಂದು ಹಳ್ಳಿಯ ಮನೆಯಲ್ಲಿ. ಹೋಟೆಲು ಬೇಡ, ಮನೆಯೇ ಬೇಕು ಎಂದು ನಾನು ಹಟ ಹಿಡಿದು ಹುಡುಕಿದ್ದೆ. ಸುತ್ತಲೂ ಗೋಡೆ, ಮಧ್ಯೆ ಅಂಗಳ, ಅಂಗಳದ ಸುತ್ತ ಬಿಡಿ ಬಿಡಿಯಾದ ಸಣ್ಣ ಕಟ್ಟಡಗಳು. ಒಂದು ಮೂಲೆಯಲ್ಲಿ ಮನೆಯ ಗುಡಿ, ಇನ್ನೊಂದು ಮೂಲೆಯಲ್ಲಿ ಅಡುಗೆಮನೆ, ನಡುವಿನ ಒಂದು ಕಟ್ಟಡ ನಮ್ಮದು. ಅದಕ್ಕೆ ಒಂದು ಪಡಸಾಲೆ, ಪಡಸಾಲೆಯಲ್ಲಿ ಬೆತ್ತದ ಎರಡು ಕುರ್ಚಿ. ಮನೆಯೊಡತಿ ಅವ್ವನ ವಯಸ್ಸಿನವಳು, ಗಂಡ ಇಲ್ಲ, ನಮ್ಮ ಭಾಷೆಯೂ ಇಲ್ಲ ಇಂಗ್ಲಿಷೂ ಇಲ್ಲ. ಮಗ ಹಡಗಿನಲ್ಲಿ ಕೆಲಸಕ್ಕೆ ಹೋಗಿದ್ದ. ಸೊಸೆ ಅಲ್ಲಿಯೇ ಒಂದು ಹೋಟೆಲಿನಲ್ಲಿ ನೌಕರಿ ಮಾಡುತ್ತಿದ್ದಳು, ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದಳು. ಆ ಮನೆಯ ಮಾತು ನಮಗೆ ಮುಟ್ಟುತ್ತಿದ್ದದ್ದು ಅವಳ ಮೂಲಕ ಮಾತ್ರ.

ಒಡತಿ ನಗುತ್ತಾ ಕಾಫಿ ತಂದಳು. ಎರಡು ಗಾಜಿನ ಲೋಟ, ಮೇಲೆ ಮುಚ್ಚಳ. ಅವುಗಳನ್ನು ನಮ್ಮ ನಡುವಿನ ಮೇಜಿನ ಮೇಲಿಟ್ಟು ಅಂಗಳಕ್ಕೆ ಇಳಿದು, ಎರಡೂ ಕೈ ಜೋಡಿಸಿ ಅಲ್ಲೇ ನಿಂತಳು. ಅಲ್ಲಿಯ ನೀರು ನಮ್ಮವರ ಹೊಟ್ಟೆಗೆ ಆಗಿಬರುವುದಿಲ್ಲ ಎಂದು ನಾನು ಓದಿದ್ದೆ. ಸನ್ನೆ ಮಾಡಿ ಬೇರೆ ಎರಡು ಖಾಲಿ ಲೋಟ ತರಿಸಿಕೊಂಡು, ಅವಳು ಅತ್ತ ತಿರುಗಿದಾಗ ಬಾಟಲಿ ನೀರಿನಲ್ಲಿ ತೊಳೆದು, ಅವುಗಳಲ್ಲೇ ಕುಡಿಯುವ ನೀರು ಹಾಕಿಕೊಂಡೆ. ಅವ್ವ ಕಾಫಿ ಕುಡಿದಳು, ತಳದ ಗಸಿಯನ್ನು ಗಿಡದ ಬುಡಕ್ಕೆ ಚೆಲ್ಲಿದಳು, ನಲ್ಲಿ ಹುಡುಕಿ ಲೋಟ ತೊಳೆದಳು, ಪಡಸಾಲೆಯ ಕಂಬದ ಪಕ್ಕ ಬೋರಲು ಇಟ್ಟಳು. ನಾನು ಕಣ್ಣು ಮುಚ್ಚಿಕೊಂಡೆ. ಈ ರೂಢಿಯನ್ನು ಅವಳು ರಾಯಚೂರಿನಲ್ಲೇ ಬಿಟ್ಟು ಬರುತ್ತಾಳೆ ಎಂದುಕೊಂಡದ್ದು ನನ್ನ ಭ್ರಮೆ.

ಮಧ್ಯಾಹ್ನ ಊಟ ಬಂತು. ಅನ್ನ, ಕಾಯಿತುರಿ ಬೆರೆಸಿದ ಸೊಪ್ಪು, ಎಳೆ ಹಲಸಿನ ಪಲ್ಯ, ಸೋಯಾದ ಒಂದು ತುಂಡು. ಒಡತಿ ತಟ್ಟೆಗಳನ್ನು ಇಟ್ಟು ಮತ್ತೆ ಅಂಗಳಕ್ಕೆ ಇಳಿದು ನಿಂತಳು. ಕೂರು ಎಂದು ನಾನು ಸನ್ನೆ ಮಾಡಿದೆ. ಅವಳು ಬೆದರಿದವಳ ಹಾಗೆ ತಲೆ ಆಡಿಸಿ ಅಡುಗೆಮನೆಗೆ ಹೋಗಿಬಿಟ್ಟಳು. ಅವ್ವ ಸೊಪ್ಪನ್ನು ಒಂದು ತುತ್ತು ಬಾಯಿಗಿಟ್ಟು ನೋಡಿ ಚೀಲ ಬಿಚ್ಚಿದಳು. ಕಡಕ್ ರೊಟ್ಟಿ ಮುರಿಯುವ ಸದ್ದು ಆ ಅಂಗಳದಲ್ಲಿ ಚೆನ್ನಾಗಿಯೇ ಕೇಳಿಸಿತು.

ಆಗಲೇ ಅಡುಗೆಮನೆಯಿಂದ ಕೋಳಿ ಬೇಯುವ ವಾಸನೆ ಬಂತು. ಬೆಳ್ಳುಳ್ಳಿ, ಅರಿಶಿನ, ಹಸಿಮೆಣಸಿನಕಾಯಿ ಹಾಕಿ ಹುರಿದ ಕೋಳಿ. ನಾವು ಎಲ್ಲಾ ತಿನ್ನುವ ಮಂದಿ, ನನಗಂತೂ ಬಾಯಲ್ಲಿ ನೀರೂರಿತು. ಕೋಳಿ ಬರುತ್ತದೆ ಎಂದು ಕಾದೆ. ಬರಲಿಲ್ಲ. ಸಂಜೆಗೂ ಸೊಪ್ಪೇ ಬಂತು.

"ಅವರಿಗೆ ಕೋಳಿ, ನಮಗ ಸೊಪ್ಪು ನೋಡಬೇ" ಅಂದೆ.

"ಇರ್ಲಿ ಬಿಡು. ಉಂಡ್ರ ಆತು" ಅಂದಳು ಅವ್ವ.

ನನ್ನ ವಿದ್ಯೆ ಕೆಲಸಕ್ಕೆ ಇಳಿಯಿತು. ನಾವು ಕುಡಿದಿಟ್ಟ ಲೋಟಗಳು ಎಲ್ಲಿಗೆ ಹೋಗುತ್ತವೆ ಎಂದು ನೋಡತೊಡಗಿದೆ. ಒಡತಿ ಅಷ್ಟು ದೂರ ಯಾಕೆ ನಿಲ್ಲುತ್ತಾಳೆ? ನಮ್ಮ ಪಡಸಾಲೆಯನ್ನು ಏರಿದರೆ ಯಾಕೆ ಇಟ್ಟದ್ದೇ ತಡ ಇಳಿಯುತ್ತಾಳೆ? ಅಡುಗೆಮನೆಗೆ ನಮ್ಮನ್ನು ಯಾಕೆ ಒಮ್ಮೆಯೂ ಕರೆದಿಲ್ಲ? ಪ್ರಶ್ನೆಗಳೇನೂ ಹೊಸವಲ್ಲ, ಊರು ಮಾತ್ರ ಹೊಸದು. ನಮ್ಮ ಮುಖ ನೋಡಿ ತಿಳಿಯಿತೇ? ಅವ್ವನ ಲೋಟ ನೋಡಿ ತಿಳಿಯಿತೇ? ಹೋಟೆಲಿನಲ್ಲಿ ದಿನಾ ನಮ್ಮ ದೇಶದವರನ್ನು ನೋಡುವ ಆ ಸೊಸೆ ಏನಾದರೂ ಹೇಳಿಕೊಟ್ಟಳೇ?

ಮರುದಿನ ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಡುವ ಮುಂಚೆ ನಮ್ಮ ಪಡಸಾಲೆಯ ಹತ್ತಿರ ಬಂದು ನಿಂತಳು. ಸ್ಕೂಟರಿನ ಹೆಲ್ಮೆಟ್ಟು ಕೈಯಲ್ಲಿತ್ತು. ನಿದ್ದೆ ಚೆನ್ನಾಗಿ ಬಂತಾ, ಸೊಳ್ಳೆ ಇತ್ತಾ ಎಂದೆಲ್ಲ ಕೇಳಿ, ಸ್ವಲ್ಪ ತಡೆದು, ಬಹಳ ವಿನಯದಿಂದ ಕೇಳಿದಳು: "ಇಂಡಿಯಾದಲ್ಲೂ ನಮ್ಮ ಹಾಗೇ ಜಾತಿ ಇದೆಯಲ್ಲ, ನೀವು ಯಾವುದು?"

ಎರಡು ವಿಮಾನ ಹತ್ತಿ, ಸಮುದ್ರ ದಾಟಿ, ಭೂಮಧ್ಯರೇಖೆಯ ಆಚೆಗೆ ಬಂದು ಕೂತಿದ್ದೆ. ಅಲ್ಲಿಯೂ ಅದು ನನ್ನನ್ನು ಹುಡುಕಿಕೊಂಡು ಬಂತು. ಮಳೆ ಬರುತ್ತದೇನೋ ಎಂದು ಆಕಾಶ ನೋಡಿದೆ. ಅವಳು ನನ್ನ ಮುಖ ನೋಡಿ, ಕೇಳಬಾರದ್ದು ಕೇಳಿದೆ ಎಂಬಂತೆ ತಲೆ ತಗ್ಗಿಸಿ ಹೊರಟುಹೋದಳು.

"ಏನಂತ ಆ ಹುಡಿಗಿ?" ಅವ್ವ ಕೇಳಿದಳು.

"ನಾಷ್ಟಾ ಆತೇನು ಅಂತ ಕೇಳಿದ್ಲು."

"ಅಷ್ಟಕ್ಕ ನಿನ್ನ ಮಾರಿ ಯಾಕ ಹಂಗಾತು?"

ಆ ದಿನವಿಡೀ ಫೋನಿನಲ್ಲಿ ಬೇರೆ ಜಾಗ ಹುಡುಕಿದೆ. ಪಟ್ಟಣದಲ್ಲಿ ದೊಡ್ಡ ಹೋಟೆಲೊಂದು ಸಿಕ್ಕಿತು. ಹೋಟೆಲಿನವರಿಗೆ ಕೋಣೆಯ ನಂಬರೊಂದು ಗೊತ್ತಿದ್ದರೆ ಸಾಕು, ಓಣಿ ಬೇಕಾಗುವುದಿಲ್ಲ. ನಾಳೆ ಹೋಗಿಬಿಡೋಣ ಎಂದು ಅವ್ವನಿಗೆ ಹೇಳಿದೆ. ಅವಳು ಒಪ್ಪಲಿಲ್ಲ.

"ಯಾಕ, ಇಲ್ಲೇನಾಗ್ಯದ? ಇಲ್ಲೇ ಚಲೋ ಅದ."

"ಆಕಿ ನಮ್ಮನ್ನ ಮುಟ್ಟಿಸಿಕೊಳ್ಳಂಗಿಲ್ಲ ಯವ್ವಾ. ನಿನಗ ಕಾಣಂಗಿಲ್ಲೇನು?"

"ನನಗೆಲ್ಲಾ ಕಾಣ್ತದ. ನೀ ಆಕಿಗೆ ಏನೂ ಕೇಳಾಕ ಹೋಗಬ್ಯಾಡ. ಸುಮ್ಕಿರು."

ಅಂಜಿಕೆಯಿಂದ ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡೆ. ಜೀವಮಾನವೆಲ್ಲ ಸುಮ್ಮನಿದ್ದು ಬಂದವಳು, ಇಲ್ಲಿಯೂ ಅದನ್ನೇ ಮಾಡುತ್ತಿದ್ದಾಳೆ ಎಂದು ಸಿಟ್ಟು ಬಂತು. ಒಂದು ಮಾತ್ರ ವಿಚಿತ್ರ ಅನಿಸಿತು. ಆ ದಿನ ಅವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡಳು. ಊರಿನಲ್ಲಿ ಮೆಟ್ಟಿಲ ಮೇಲೆ ಕೂರುತ್ತಿದ್ದವಳು ಬೆತ್ತದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಒಡತಿ ಕಾಫಿ ತಂದಿಟ್ಟು ಕೈ ಜೋಡಿಸಿದರೆ, ಅವ್ವ ಸಣ್ಣಗೆ ತಲೆ ಆಡಿಸುತ್ತಿದ್ದಳು. ಹೊಸ ಜಾಗ, ಹೊಸ ಗಾಳಿ, ಸುಧಾರಿಸಿಕೊಂಡಿದ್ದಾಳೆ ಎಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಮೂರನೆಯ ದಿನ ಮಧ್ಯಾಹ್ನ ನನ್ನ ಅನುಮಾನಕ್ಕೆ ಸಾಕ್ಷಿ ಸಿಕ್ಕಿತು. ಅವ್ವ ಒಳಗೆ ಮಲಗಿದ್ದಳು. ನಾನು ಅಂಗಳದಲ್ಲಿ ಅಡ್ಡಾಡುವ ನೆವದಲ್ಲಿ ಅಡುಗೆಮನೆಯ ಹಿಂದಕ್ಕೆ ಹೋದೆ. ಅಲ್ಲಿ ಹೊರಗೋಡೆಗೆ, ಸೂರಿನ ಕೆಳಗೆ, ಒಂದು ಹಲಗೆ ಹೊಡೆದಿತ್ತು. ಹಲಗೆಯ ಮೇಲೆ ನಮ್ಮ ತಟ್ಟೆಗಳು, ನಮ್ಮ ಲೋಟಗಳು, ನಮಗೆ ಬಡಿಸುತ್ತಿದ್ದ ಸೌಟು. ಎಲ್ಲಾ ತೊಳೆದು ಬೋರಲು ಹಾಕಿತ್ತು. ಕಿಟಕಿಯಲ್ಲಿ ಇಣುಕಿದರೆ ಮನೆಯವರ ಪಾತ್ರೆಗಳು ಒಳಗಿನ ಕಪಾಟಿನಲ್ಲಿ ಸಾಲಾಗಿದ್ದವು. ಮಸರಕಲ್‌ನ ಹೊಲದವರ ಮನೆಯ ಸೂರನ್ನು ಇಲ್ಲಿಗೆ ಯಾರೋ ಹೊತ್ತು ತಂದು ಇಟ್ಟ ಹಾಗಿತ್ತು.

ಸೊಸೆ ಕೆಲಸದಿಂದ ಬರುವವರೆಗೂ ಗೇಟಿನ ಹತ್ತಿರವೇ ನಿಂತಿದ್ದೆ. ಅವಳು ಸ್ಕೂಟರ್ ನಿಲ್ಲಿಸುತ್ತಿದ್ದಂತೆ, ಹೆಲ್ಮೆಟ್ಟು ತೆಗೆಯಲೂ ಬಿಡದೆ ಕೇಳಿದೆ. "ನಮ್ಮ ತಟ್ಟೆ ಲೋಟ ಮಾತ್ರ ಯಾಕೆ ಹೊರಗೆ ಇಡುತ್ತೀರಿ?"

ಅವಳ ಮುಖ ಬಿಳಿಚಿಕೊಂಡಿತು. "ಕ್ಷಮಿಸಿ. ಒಳಗೆ ಇಟ್ಟರೆ ನಮ್ಮ ಪಾತ್ರೆಗಳಿಗೆ ತಾಗುತ್ತವಲ್ಲ."

"ತಾಗಿದರೆ ಏನಾಗುತ್ತದೆ?"

"ನಮ್ಮವು ಹಂದಿ ಕೋಳಿ ಬೇಯಿಸಿದ ಪಾತ್ರೆಗಳು. ತಾಗಿದ್ದು ಗೊತ್ತಾದರೆ ನಿಮ್ಮ ತಾಯಿ ನಮ್ಮ ಮನೆಯ ನೀರೂ ಮುಟ್ಟುವುದಿಲ್ಲ ಅಂತ ಅತ್ತೆಗೆ ಭಯ. ಅದಕ್ಕೇ ನಿಮಗಾಗಿ ಎಲ್ಲ ಹೊಸದು ತಂದಿದ್ದಾರೆ."

ಇಂಥ ಹೊತ್ತಿಗೆಂದು ನಾನು ವರ್ಷಗಳಿಂದ ಮಾತು ಕೂಡಿಸಿ ಇಟ್ಟುಕೊಂಡಿದ್ದೆ. ಈ ಉತ್ತರಕ್ಕೆ ಅದರಲ್ಲಿ ಒಂದೂ ಹೊಂದಲಿಲ್ಲ. ಅವಳು ಗಾಬರಿಯಲ್ಲಿ ಒಂದೇ ಸಮನೆ ಹೇಳತೊಡಗಿದಳು. ಹಿಂದೊಮ್ಮೆ ನಮ್ಮ ದೇಶದ ಒಂದು ಕುಟುಂಬ ಬಂದು ಉಳಿದಿತ್ತಂತೆ. ಅವರು ಅಡುಗೆಯವನನ್ನೂ ಪಾತ್ರೆಗಳನ್ನೂ ತಮ್ಮ ಜೊತೆಗೇ ತಂದಿದ್ದರಂತೆ. ಈ ಒಡತಿ ತಿಳಿಯದೆ ತನ್ನ ಸೌಟನ್ನು ಅವರ ಪಾತ್ರೆಯಲ್ಲಿ ಆಡಿಸಿಬಿಟ್ಟಳಂತೆ. ಮಾಡಿದ ಅಡುಗೆಯನ್ನೆಲ್ಲ ಇವಳ ಕಣ್ಣೆದುರೇ ಚೆಲ್ಲಿ ಆ ಸಂಜೆಯೇ ಗಂಟು ಕಟ್ಟಿಕೊಂಡು ಹೋದರಂತೆ.

"ಅತ್ತೆ ಕೂತು ಅತ್ತರು. ಅಂದಿನಿಂದ ನಿಮ್ಮ ದೇಶದವರೆಂದರೆ ಅವರಿಗೆ ಅಂಜಿಕೆ, ಅದಕ್ಕೇ ನಿಮಗೆ ಬರೀ ಸೊಪ್ಪು. ನಾವು ಈ ಊರಿನಲ್ಲಿ ದೊಡ್ಡ ಮನೆತನದವರಲ್ಲ. ಪುರೋಹಿತರ ಮನೆಗೆ ಹೋದರೆ ಅತ್ತೆ ಈಗಲೂ ಕೆಳಗಿನ ಮೆಟ್ಟಿಲ ಮೇಲೇ ಕೂರುವುದು. ನಿಮ್ಮ ತಾಯಿ ಬಂದ ದಿನವೇ ನಮ್ಮ ಊಟ ಬಿಟ್ಟು ತಮ್ಮ ರೊಟ್ಟಿ ತಿಂದರು. ನಮ್ಮ ಲೋಟವನ್ನು ನೀವು ಕುಡಿಯುವ ಮೊದಲೇ ತೊಳೆದಿರಿ, ಅವರು ಕುಡಿದ ಮೇಲೆ ತೊಳೆದರು. ಅಡುಗೆಮನೆಯ ಕಡೆ ಬರಲಿಲ್ಲ. ಬಹಳ ಮೇಲಿನವರು ಇರಬೇಕು ಅಂತ ಅತ್ತೆ ಅಂದರು. ನಾನು ನಿಮ್ಮನ್ನು ಕೇಳಿದೆ, ನೀವು ಹೇಳಲಿಲ್ಲ. ನಿಜವಾಗಿ ದೊಡ್ಡವರು ತಮ್ಮ ಬಾಯಿಂದ ಹೇಳಿಕೊಳ್ಳುವುದಿಲ್ಲ ಅಂತ ಅತ್ತೆ ನನ್ನನ್ನೇ ಬೈದರು."

ಇಷ್ಟು ವರ್ಷ ಜನ ನಮ್ಮ ಬಗ್ಗೆ ಏನೆಂದುಕೊಳ್ಳುತ್ತಾರೆ ಎಂದು ನೂರು ತರಹ ಅನುಮಾನಪಟ್ಟಿದ್ದೆ. ಹೀಗೂ ಅಂದುಕೊಳ್ಳಬಹುದು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

"ನಾವು ಎಲ್ಲಾ ತಿನ್ನುತ್ತೇವೆ. ನಾವು ಅಂಥ ದೊಡ್ಡವರಲ್ಲ" ಅಂದೆ.

"ಓ" ಅಂದಳು ಅವಳು. ಆ ಒಂದು 'ಓ' ಕೇಳಿ ನನ್ನ ವಿದ್ಯೆ ಮತ್ತೆ ಎದ್ದು ಕೂತಿತು. ಈಗ ಗೊತ್ತಾಯಿತಲ್ಲ. ಇನ್ನು ಆ ಜೋಡಿಸಿದ ಕೈ ಇಳಿಯುತ್ತದೆ, ಆ ನಗು ಕಡಿಮೆಯಾಗುತ್ತದೆ, ಅವಳ ಗಂಡನ ತಮ್ಮನ ಮಗನೊಬ್ಬ ಇದ್ದಕ್ಕಿದ್ದಂತೆ ನಮ್ಮ ಕೋಣೆಗೆ ಬರುವವನಿರುತ್ತಾನೆ. ಹೇಳದೇ ಇದ್ದಿದ್ದರೆ ಒಳ್ಳೆಯದಿತ್ತೇನೋ ಅನಿಸಿತು.

ಅವ್ವ ಎದ್ದು ಪಡಸಾಲೆಗೆ ಬಂದಿದ್ದಳು. ಅವಳ ಪಕ್ಕದಲ್ಲಿ ಕೂತು, ಸೊಸೆಯ ಆ ಪ್ರಶ್ನೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಹಂದಿಯ ಪಾತ್ರೆ, ಹೊಸ ತಟ್ಟೆ, ರೊಟ್ಟಿ ಮುರಿದದ್ದು, ನಮ್ಮನ್ನು ದೊಡ್ಡ ಮಂದಿ ಎಂದುಕೊಂಡದ್ದು. ಅವಳು ನೆಲ ನೋಡುತ್ತಾ ಕೇಳಿದಳು, ಒಂದು ಸಲವೂ ತಡೆದು ಪ್ರಶ್ನೆ ಕೇಳಲಿಲ್ಲ. ನಾನು ಮುಗಿಸಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಎಲ್ಲಿಗೆ?"

"ಆಕಿ ಉಣ್ಣಾಕತ್ತಾಳ. ಹೋಗಮು ಬಾ."

ಒಡತಿ ಅಡುಗೆಮನೆಯಲ್ಲಿ ಗಿಡ್ಡ ಬೆಂಚೊಂದರ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಆ ಊರಿನಲ್ಲಿ ಎಲ್ಲರೂ ಹಾಗೆಯೇ, ಹಸಿದಾಗ ತಮ್ಮ ಪಾಡಿಗೆ ಒಂದು ಕಡೆ ತಿರುಗಿ ಕೂತು ಉಣ್ಣುವುದಂತೆ. ಅವ್ವ ಹೊಸ್ತಿಲು ದಾಟಿದ್ದನ್ನು ನೋಡಿ ಆಕೆ ದಡಬಡಿಸಿ ಎದ್ದು ಗೋಡೆಗೆ ಆತುಕೊಂಡು ನಿಂತಳು. ಎಂಜಲು ಕೈಯಲ್ಲೇ ನಮಸ್ಕಾರ ಮಾಡಲು ಹೋಗಿ, ಅದು ತಪ್ಪೆಂದು ಹೊಳೆದು, ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟಳು. ಅವ್ವ ಆ ಬೆಂಚಿನ ಪಕ್ಕ ನೆಲದ ಮೇಲೆ ಕೂತಳು. ಆಕೆಯ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಆಕೆ ಅರ್ಧ ಉಂಡು ಬಿಟ್ಟ ಆ ತಟ್ಟೆಯಿಂದಲೇ ಕೋಳಿಯ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡಳು.

ನನ್ನ ಹಿಂದೆ ನಿಂತಿದ್ದ ಸೊಸೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಒಡತಿ ಅವ್ವ ಅಗಿಯುವುದನ್ನೇ ನೋಡುತ್ತಿದ್ದಳು. ಆಮೇಲೆ ಬಹಳ ಮೆಲ್ಲಗೆ ಏನೋ ಕೇಳಿದಳು.

"ಖಾರ ಜಾಸ್ತಿ ಆಯಿತಾ ಅಂತ ಕೇಳುತ್ತಿದ್ದಾರೆ" ಅಂದಳು ಸೊಸೆ. ನಾನು ಅವ್ವನಿಗೆ ಹೇಳಿದೆ.

"ಖಾರ ಎಲ್ಲದ ಇದರಾಗ? ಸಪ್ಪಗದ ಅಂತ ಹೇಳು."

ನಾನು ಇಂಗ್ಲಿಷಿನಲ್ಲಿ ಹೇಳಿದೆ, ಸೊಸೆ ಅವರ ಭಾಷೆಯಲ್ಲಿ ಹೇಳಿದಳು. ಒಡತಿ ಗಟ್ಟಿಯಾಗಿ ನಕ್ಕಳು. ಕಲ್ಲಿನ ಒರಳಿನಲ್ಲಿದ್ದ ಮೆಣಸಿನಕಾಯಿ ಚಟ್ನಿಯನ್ನು ಕೈಯಲ್ಲೇ ಬಳಿದು ತಟ್ಟೆಯ ಅಂಚಿಗೆ ಹಚ್ಚಿದಳು. ಆಮೇಲೆ ಬಗ್ಗಿ ಅವ್ವನ ಮಣಿಕಟ್ಟು ಹಿಡಿದು, ನೆಲದಿಂದ ಎಬ್ಬಿಸಿ, ಬೆಂಚಿನ ಮೇಲೆ ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ಪರರ ಅಡುಗೆಮನೆಯಲ್ಲಿ ಅವ್ವನ ಕೈಯನ್ನು ಹಾಗೆ ಯಾರಾದರೂ ಹಿಡಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಕಣ್ಣು ತುಂಬಿದವು. ಚಟ್ನಿಯ ಘಾಟು ಎಂದು ಸೊಸೆಗೆ ಹೇಳಿದೆ.

ಆಮೇಲಿನ ದಿನಗಳಲ್ಲಿ ಕೈ ಜೋಡಿಸುವುದು ನಿಂತೇಹೋಯಿತು. ಒಡತಿ ಅಂಗಳದ ಆ ತುದಿಯಿಂದಲೇ ಅವ್ವನನ್ನು ಕೂಗಿ ಕರೆಯುತ್ತಿದ್ದಳು. ಬೆಳ್ಳುಳ್ಳಿ ರಾಶಿಯನ್ನು ಅವಳ ಮುಂದೆ ಸುರಿದು ಕೈಗೆ ಚಾಕು ಕೊಡುತ್ತಿದ್ದಳು. ನೋಡು, ಯಾರೆಂದು ಗೊತ್ತಾದ ಕೂಡಲೇ ಕೆಲಸಕ್ಕೆ ಹಚ್ಚಿದಳು ಎಂದು ನನಗೆ ಮತ್ತೆ ಮುಳ್ಳು ಚುಚ್ಚಿತು. ಆದರೆ ಆಕೆ ಸೊಸೆಯನ್ನೂ ಹಾಗೇ ಕೂಗುತ್ತಿದ್ದಳು, ಪಕ್ಕದ ಮನೆಯಿಂದ ಬರುತ್ತಿದ್ದ ತಂಗಿಯ ಮುಂದೆಯೂ ಹಾಗೇ ಬೆಳ್ಳುಳ್ಳಿ ಸುರಿಯುತ್ತಿದ್ದಳು. ಒಂದು ಮಾತೂ ಅರ್ಥವಾಗದ ಇಬ್ಬರು ಹೆಂಗಸರು ಗಂಟೆಗಟ್ಟಲೆ ಏನು ಮಾತಾಡುತ್ತಿದ್ದರೋ ನನಗೆ ತಿಳಿಯಲಿಲ್ಲ. ನಾನು ಬಾಗಿಲಲ್ಲಿ ನಿಂತರೆ ಇಬ್ಬರೂ ಸುಮ್ಮನಾಗುತ್ತಿದ್ದರು, ಅದರ ಮೇಲೂ ನನಗೆ ಒಂದು ಅನುಮಾನವಿತ್ತು.

ಹೊರಡುವ ಹಿಂದಿನ ಸಂಜೆ ಅವ್ವ, ನಾನು ಪಡಸಾಲೆಯಲ್ಲಿ ಕೂತಿದ್ದೆವು. ಬಿಸಿಲು ಇಳಿದಿತ್ತು. ಒಡತಿ ಅಂಗಳದಲ್ಲಿ ಬಿದ್ದ ದೇವಕಣಗಿಲೆ ಹೂಗಳನ್ನು ಗುಡಿಸುತ್ತಿದ್ದಳು. ಬಂದ ಕೆಲಸ ಆಯಿತು ಎಂಬ ಸಮಾಧಾನದಲ್ಲಿ ನಾನಿದ್ದೆ. ಅವ್ವ ಒಬ್ಬರ ಮನೆಯೊಳಗೆ ಕೂತು ಉಂಡಿದ್ದಳು. ಆ ಪ್ರಶ್ನೆಯನ್ನು ಅವಳ ಕಿವಿಗೆ ಬೀಳದ ಹಾಗೆ ನಾನು ತಡೆದಿದ್ದೆ. ಎಲ್ಲ ನೆನೆದು ನಗು ಬಂತು.

"ಪಾಪ, ಆಕಿ ನಮಗ ಅಂಜಿ ದೂರ ನಿಂತಿದ್ಲು. ನಮಗದು ಗೊತ್ತೇ ಆಗ್ಲಿಲ್ಲ ನೋಡಬೇ" ಅಂದೆ.

"ನಿನಗ ಗೊತ್ತಾಗ್ಲಿಲ್ಲ" ಅಂದಳು ಅವ್ವ.

ನಾನು ಅವಳ ಕಡೆ ತಿರುಗಿದೆ. ಅವಳು ಅಂಗಳವನ್ನೇ ನೋಡುತ್ತಿದ್ದಳು.

"ನನಗ ಬಂದ ದಿನಾನೇ ಗೊತ್ತಾತು. ಕಾಫಿ ಇಟ್ಟು ಕೆಳಗ ಇಳದು ನಿಂತ್ಲು ನೋಡು, ಆಗ. ಗೌಡ್ರ ಮನಿ ಮುಂದ ಹಂಗ ನಿಂತು ನಿಂತು ನನ್ನ ಕಾಲು ಸವದಾವ. ಎದುರಿಗೆ ಒಬ್ಬಾಕಿ ಹಂಗ ನಿಂತ್ರ ನನಗ ತಿಳಿಯಂಗಿಲ್ಲೇನು?"

"ಮತ್ತ ನನಗ್ಯಾಕ ಹೇಳ್ಲಿಲ್ಲ ಯವ್ವಾ?"

ಒಡತಿ ಗುಡಿಸಿ ಮುಗಿಸಿ, ಪೊರಕೆ ಗೋಡೆಗೆ ಒರಗಿಸಿ, ನಮ್ಮ ಕಡೆ ನೋಡಿ ನಕ್ಕು ಒಳಗೆ ಹೋದಳು.

"ಹೇಳಬೇಕಂತ ಮಾಡಿದ್ದೆ" ಅಂದಳು ಅವ್ವ. "ಒಂದೆರಡು ದಿನ ಹಂಗ ಇರ್ಲಿ ಅನಿಸ್ತು."